ಬೆಟ್ಟವನ್ನು ಬಳಸಿದ ದಾರಿ

ಊರಿನಿಂದ ಊರಿಗೆ ಹೋಗಲು ಮನುಷ್ಯನು ದಾರಿ ಮಾಡಿಕೊಂಡನು. ಬಯಲಿನಲ್ಲಿ ಅದು ಕಷ್ಟವಾಗಲಿಲ್ಲ; ನೇರವಾಗಿ ನಡೆದರಾಯಿತು. ಬೆಟ್ಟ ಎದುರಾದಾಗ ಮಾತ್ರ ಅವನು ನಿಂತು ಯೋಚಿಸಬೇಕಾಯಿತು. ಬೆಟ್ಟವನ್ನು ಕೊರೆದು ಆಚೆಗೆ ಹೋಗುವುದು ಒಂದು ಬಗೆ. ಬೆಟ್ಟವನ್ನು ಬಳಸಿ, ಅದರ ಮೈಯನ್ನೇ ಹಿಡಿದು, ಸುತ್ತಿ ಸುತ್ತಿ ಏರುವುದು ಇನ್ನೊಂದು ಬಗೆ. ಕೊರೆದ ದಾರಿಯಲ್ಲಿ ಹೋದವನು ಬೇಗ ತಲುಪುತ್ತಾನೆ. ಬಳಸಿದ ದಾರಿಯಲ್ಲಿ ಹೋದವನು ತಡವಾಗಿ ತಲುಪುತ್ತಾನೆ. ತಡವಾದುದಕ್ಕೆ ಪ್ರತಿಯಾಗಿ ಅವನಿಗೆ ದೊರೆಯುವುದೇನು? ಇದಕ್ಕೆ ಉತ್ತರ ಬೇಕಾದರೆ ಭೂಮಧ್ಯ ಸಮುದ್ರದ ಮಯೋರ್ಕ ಎಂಬ ದ್ವೀಪದ ವಾಯವ್ಯ ತೀರದಲ್ಲಿ, ಬೆಳಗಿನ ಹೊತ್ತು ಸೈಕಲ್ಲೇರಿ ಹೊರಟವರ ಹಿಂದೆ ಮನಸ್ಸಿನಲ್ಲಾದರೂ ಒಮ್ಮೆ ಹೋಗಿಬರಬೇಕು.

ಮಯೋರ್ಕ ಸ್ಪೇನ್ ದೇಶಕ್ಕೆ ಸೇರಿದ ಬಾಲೆಯಾರಿಕ್ ದ್ವೀಪಸಮೂಹದಲ್ಲಿ ಎಲ್ಲಕ್ಕಿಂತ ದೊಡ್ಡದು. ಅದರ ವಿಸ್ತೀರ್ಣ ಸುಮಾರು 3,600 ಚದರ ಕಿಲೋಮೀಟರು. ಪಾಲ್ಮ ಅದರ ಮುಖ್ಯ ಪಟ್ಟಣ. ದ್ವೀಪದ ನಡುಭಾಗವೆಲ್ಲ ಬಾದಾಮಿಯ ತೋಟಗಳಿರುವ ಬಯಲು. ವಾಯವ್ಯ ದಿಕ್ಕಿಗೆ ಮಾತ್ರ ಕೋಟೆಯ ಗೋಡೆಯಂತೆ ಸುಮಾರು 90 ಕಿಲೋಮೀಟರು ಉದ್ದದ ಸುಣ್ಣಕಲ್ಲಿನ ಪರ್ವತಶ್ರೇಣಿಯೊಂದು ಹಬ್ಬಿಕೊಂಡಿದೆ. ಇದರ ಹೆಸರು ತ್ರಮುಂತಾನ. ಆ ಕಡೆಯ ಜನ ಬಡಗಣ ಗಾಳಿಯನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ. ಚಳಿಗಾಲದಲ್ಲಿ ಬೀಸಿಬರುವ ಆ ಗಾಳಿಗೆ ಎದೆಗೊಟ್ಟು ನಿಂತು, ಹಿಂದಿರುವ ಬಯಲನ್ನು ಕಾಯುವುದು ಈ ಬೆಟ್ಟಗಳ ಕೆಲಸ. ಇವುಗಳಲ್ಲಿ ಅತ್ಯುನ್ನತವಾದ ಪೂಚ್ ಮಜೋರ್ ಶಿಖರವು 1,400 ಮೀಟರಿಗೂ ಎತ್ತರವಾಗಿದೆ. ಸಮುದ್ರದ ಕಡೆಗೆ ಬೆಟ್ಟಗಳು ನಿಧಾನವಾಗಿ ಇಳಿಯುವುದಿಲ್ಲ. ಕೊಡಲಿಯಿಂದ ಕಡಿದಂತೆ ನಿಂತುಬಿಡುತ್ತವೆ. ಕೆಳಗೆ ನೀಲಿಯ ನೀರು, ಮೇಲೆ ಬೂದುಬಣ್ಣದ ಬಂಡೆ. ಎರಡರ ನಡುವೆ ಮನುಷ್ಯನಿಗೆ ಕಾಲೂರಲು ಉಳಿದಿರುವುದು ಬಹಳ ಸ್ವಲ್ಪ.

ಆ ಸ್ವಲ್ಪ ಎಡೆಯಲ್ಲಿಯೇ ಒಂದು ದಾರಿ ಹಾದುಹೋಗಿದೆ. ನೈಋತ್ಯದ ಅಂದ್ರಾಚ್ ಪಟ್ಟಣದಿಂದ ಈಶಾನ್ಯದ ಪೊಯೆನ್ಸ ಪಟ್ಟಣದವರೆಗೆ ನೂರು ಕಿಲೋಮೀಟರಿಗೂ ಮಿಕ್ಕಿ ಅದು ಸಾಗುತ್ತದೆ. ಅಂದ್ರಾಚಿನಿಂದ ಹೊರಟ ಸವಾರನಿಗೆ ಎಡಗಡೆಗೆ ಸಮುದ್ರ, ಬಲಗಡೆಗೆ ಬೆಟ್ಟ. ಫೆಬ್ರವರಿ ತಿಂಗಳಿನಿಂದ ಮೇ ತಿಂಗಳಿನವರೆಗೆ ಯೂರೋಪಿನ ನಾನಾ ದೇಶಗಳಿಂದ ಸೈಕಲ್ ಸವಾರರು ಇಲ್ಲಿಗೆ ಬರುತ್ತಾರೆ. ತಮ್ಮ ಊರುಗಳಲ್ಲಿ ಇನ್ನೂ ಚಳಿ ಬಿಟ್ಟಿರದ ಆ ದಿನಗಳಲ್ಲಿ ಇಲ್ಲಿ ಎಳೆಬಿಸಿಲು ಹಿತವಾಗಿರುತ್ತದೆ. ಪಂದ್ಯಗಳಲ್ಲಿ ಓಡುವ ವೃತ್ತಿಪರ ತಂಡಗಳೂ ಅಭ್ಯಾಸಕ್ಕಾಗಿ ಬರುತ್ತವೆ. ಅವರೊಡನೆ ಯಾವ ಪಂದ್ಯಕ್ಕೂ ಸೇರದ ಗುಮಾಸ್ತರು, ಉಪಾಧ್ಯಾಯಿನಿಯರು, ಕೆಲಸದಿಂದ ನಿವೃತ್ತರಾದ ಹಿರಿಯರು ಬರುತ್ತಾರೆ. ಬೆಟ್ಟದ ದಾರಿ ಅವರಲ್ಲಿ ಭೇದವೆಣಿಸುವುದಿಲ್ಲ. ಯಾರ ತೂಕವನ್ನು ಅವರವರೇ ಮೇಲಕ್ಕೆ ಹೊತ್ತುಕೊಂಡು ಹೋಗಬೇಕು.

ಏರುದಾರಿಯಲ್ಲಿ ಸೈಕಲ್ ತುಳಿಯುವುದೆಂದರೆ ಒಂದು ಲೆಕ್ಕ. ನೂರು ಮೀಟರು ಮುಂದೆ ಹೋಗುವಷ್ಟರಲ್ಲಿ ಏಳು ಮೀಟರು ಮೇಲೇರಿದರೆ ಅದು ಶೇಕಡಾ 7ರ ಏರು. ಕೇಳುವುದಕ್ಕೆ ಅಲ್ಪವೆನಿಸುತ್ತದೆ, ಅರ್ಧ ಗಂಟೆ ತುಳಿದ ಮೇಲೆ ಅದರ ಅರ್ಥ ತೊಡೆಗಳಿಗೆ ತಿಳಿಯುತ್ತದೆ. ಬೆಟ್ಟಕ್ಕೆ ಹೊರಟ ಸೈಕಲ್ಲಿನಲ್ಲಿ ಪೆಡಲಿನ ಹಲ್ಲುಚಕ್ರವೂ ಹಿಂದಿನ ಗಾಲಿಯ ಹಲ್ಲುಚಕ್ರವೂ ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ಬರುವಂತೆ ಗೇರು ಬದಲಿಸಿಕೊಳ್ಳಬಹುದು. ಆಗ ಪೆಡಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು ತಿರುಗುತ್ತದೆ. ಸೈಕಲ್ಲು ಎರಡು ಮೀಟರಿಗಿಂತ ತುಸು ಹೆಚ್ಚು ದೂರ ಮುಂದುವರಿಯುತ್ತದೆ. ವೇಗ ಕಡಿಮೆ, ಶ್ರಮವೂ ಕಡಿಮೆ. ಹೀಗೆ ಯಂತ್ರವು ಸವಾರನಿಗೆ ಕಲಿಸುವ ಮೊದಲ ಪಾಠವೇ ತಾಳ್ಮೆ. ಆತುರದಿಂದ ತುಳಿದವನು ಎರಡನೆಯ ತಿರುವಿನಲ್ಲಿ ಏದುಸಿರು ಬಿಡುತ್ತಾನೆ; ಉಸಿರಿಗೆ ತಕ್ಕಂತೆ ತುಳಿದವನು ನೆತ್ತಿಯನ್ನು ಮುಟ್ಟುತ್ತಾನೆ.

ಅಂದ್ರಾಚಿನಿಂದ ಹೊರಟ ದಾರಿಯು ಪೈನ್ ಮರಗಳ ನಡುವೆ ಏರಿ, ಸಮುದ್ರವು ಕಣ್ಣಿಗೆ ಬೀಳುವ ಎಡೆಗೆ ಬಂದು, ಎಸ್ತೆಲ್ಲೆಂಕ್ಸ್, ಬಾನ್ಯಾಲ್ಬುಫಾರ್ ಎಂಬ ಎರಡು ಹಳ್ಳಿಗಳನ್ನು ಹಾದುಹೋಗುತ್ತದೆ. ಇಲ್ಲಿ ಸವಾರನು ತಾನಾಗಿಯೇ ಕಾಲು ನೆಲಕ್ಕೆ ಕೊಟ್ಟು ನಿಲ್ಲುತ್ತಾನೆ. ಬೆಟ್ಟದ ಇಳಿಜಾರೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಸಮುದ್ರದವರೆಗೂ ಇಳಿದಿದೆ. ಒಂದೊಂದು ಮೆಟ್ಟಿಲೂ ಒಂದು ತುಂಡು ಭೂಮಿ; ಆ ಭೂಮಿಯನ್ನು ಹಿಡಿದು ನಿಲ್ಲಿಸಿರುವುದು ಒಂದು ಕಲ್ಲಿನ ಗೋಡೆ. ಆ ಗೋಡೆಗಳಿಗೆ ಗಾರೆಯಿಲ್ಲ, ಸಿಮೆಂಟಿಲ್ಲ. ಕಲ್ಲಿನ ಮೇಲೆ ಕಲ್ಲನ್ನು ಅದರ ಮೈಕಟ್ಟು ನೋಡಿ ಕೂರಿಸಿ, ಹಿಂದೆ ಸಣ್ಣ ಕಲ್ಲುಗಳನ್ನು ತುಂಬಿ, ಗೋಡೆಯು ಬೆಟ್ಟದ ಕಡೆಗೆ ತುಸು ವಾಲುವಂತೆ ಕಟ್ಟಿದ್ದಾರೆ. ಹೀಗೆ ಕಟ್ಟುವವರನ್ನು ಅಲ್ಲಿಯ ಭಾಷೆಯಲ್ಲಿ ಮರ್ಜೇರ್ ಎನ್ನುತ್ತಾರೆ. ಅವರ ಕಸುಬಿನ ಜಾಣ್ಮೆ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಗಾರೆ ಹಾಕಿದ ಗೋಡೆಯ ಹಿಂದೆ ನೀರು ನಿಂತು, ಒತ್ತಡ ಹೆಚ್ಚಿ, ಕೊನೆಗೊಂದು ದಿನ ಗೋಡೆ ಒಡೆಯಬಹುದು. ಗಾರೆಯಿಲ್ಲದ ಗೋಡೆಯು ನೀರಿಗೆ ದಾರಿ ಬಿಡುತ್ತದೆ. ನೀರು ಸಂದುಗಳಿಂದ ಜಿನುಗಿ ಹೊರಟುಹೋಗುತ್ತದೆ. ಮಣ್ಣು ಮಾತ್ರ ಉಳಿಯುತ್ತದೆ. ದಾರಿ ಬಿಟ್ಟುಕೊಟ್ಟದ್ದರಿಂದಲೇ ಆ ಗೋಡೆ ತಲೆಮಾರುಗಳ ಕಾಲ ನಿಂತಿದೆ.

ಈ ಗೋಡೆಗಳ ಜೊತೆಗೆ ನೀರಿನ ಕಾಲುವೆಗಳೂ ಇವೆ. ಕ್ರಿ.ಶ. 902ರಿಂದ 1229ರವರೆಗೆ ಮಯೋರ್ಕವು ಮುಸ್ಲಿಮರ ಆಳ್ವಿಕೆಯಲ್ಲಿತ್ತು. ಬೆಟ್ಟದ ಒರತೆಯ ನೀರನ್ನು ಹನಿಯೂ ಪೋಲಾಗದಂತೆ ತಂದು, ತೊಟ್ಟಿಯಲ್ಲಿ ಕೂಡಿಟ್ಟು, ಸರದಿಯ ಮೇಲೆ ತೋಟಗಳಿಗೆ ಹಾಯಿಸುವ ವಿದ್ಯೆಯನ್ನು ನೆಲೆಗೊಳಿಸಿದವರು ಆ ಕಾಲದ ರೈತರು. 1229ರಲ್ಲಿ ಅರಗಾನ್ ರಾಜ್ಯದ ದೊರೆ ಮೊದಲನೆಯ ಜೌಮೆ ದಂಡೆತ್ತಿ ಬಂದು ದ್ವೀಪವನ್ನು ಗೆಲ್ಲಲು ತೊಡಗಿದನು. ಆಳುವವರು ಬದಲಾದರು, ಧರ್ಮ ಬದಲಾಯಿತು, ಮಾತು ಬದಲಾಯಿತು. ನೀರಿನ ಕಾಲುವೆ ಮಾತ್ರ ಬದಲಾಗಲಿಲ್ಲ. ಬಂದವರು ಅದನ್ನೇ ಬಳಸಿಕೊಂಡರು, ಮುಂದುವರಿಸಿದರು. 2011ರಲ್ಲಿ ಯುನೆಸ್ಕೊ ಸಂಸ್ಥೆಯು ತ್ರಮುಂತಾನ ಶ್ರೇಣಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದನ್ನು ಕೇವಲ ಪ್ರಕೃತಿಸೌಂದರ್ಯಕ್ಕಾಗಿ ಸೇರಿಸಲಿಲ್ಲ. ಬೆಟ್ಟವೂ ಮನುಷ್ಯನೂ ಶತಮಾನಗಳ ಕಾಲ ಕೂಡಿ ಮಾಡಿದ ಕೆಲಸವೆಂದು ಅದಕ್ಕೆ ಆ ಗೌರವ ಸಂದಿತು.

ಬಾನ್ಯಾಲ್ಬುಫಾರಿನ ಹತ್ತಿರ, ಕಡಿದಾದ ಬಂಡೆಯ ತುದಿಯಲ್ಲಿ ಒಂದು ಕಾವಲುಗೋಪುರವಿದೆ. ಅದನ್ನು ಕಟ್ಟಿದ್ದು 1579ರಲ್ಲಿ. ಆ ಕಾಲದಲ್ಲಿ ಸಮುದ್ರವೆಂದರೆ ನೋಡಿ ಆನಂದಿಸುವ ವಸ್ತುವಾಗಿರಲಿಲ್ಲ. ಕಡಲುಗಳ್ಳರು ಬರುವ ದಾರಿಯಾಗಿತ್ತು. ಗೋಪುರದಲ್ಲಿ ಕಾವಲಿದ್ದವನು ಹಗಲಿನಲ್ಲಿ ಹೊಗೆಯೆಬ್ಬಿಸಿ, ರಾತ್ರಿಯಲ್ಲಿ ಬೆಂಕಿಯುರಿಸಿ, ಮುಂದಿನ ಗೋಪುರಕ್ಕೆ ಸುದ್ದಿ ಮುಟ್ಟಿಸುತ್ತಿದ್ದನು. ಹಾಗೆ ಸುದ್ದಿಯು ತೀರದುದ್ದಕ್ಕೂ ಓಡುತ್ತಿತ್ತು. ಇಂದು ಅದೇ ಗೋಪುರದ ಬುಡದಲ್ಲಿ ಸೈಕಲ್ಲುಗಳನ್ನು ಒರಗಿಸಿ, ಸವಾರರು ಬುತ್ತಿ ಬಿಚ್ಚಿ ಸಮುದ್ರವನ್ನು ನೋಡುತ್ತಾರೆ. ಅವರ ನೆಮ್ಮದಿಯ ಹಿಂದೆ ಎಷ್ಟು ಜನರ ನಿದ್ದೆಗೆಟ್ಟ ರಾತ್ರಿಗಳಿವೆಯೆಂಬುದನ್ನು ಆ ಗೋಪುರ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅಲ್ಲಿ ಕುಳಿತವನಿಗೆ ಅದು ಹೊಳೆಯದೆ ಇರಲಾರದು.

ಮುಂದೆ ವಾಲ್ದೆಮೋಸ ಮತ್ತು ದೆಯಾ ಎಂಬ ಊರುಗಳು. 1838-39ರ ಚಳಿಗಾಲವನ್ನು ಸಂಗೀತಗಾರನಾದ ಶೋಪಾನನು ವಾಲ್ದೆಮೋಸದ ಹಳೆಯ ಮಠವೊಂದರಲ್ಲಿ ಕಳೆದನು. ಇಂಗ್ಲಿಷ್ ಕವಿ ರಾಬರ್ಟ್ ಗ್ರೇವ್ಸ್ ತನ್ನ ಬಾಳಿನ ಬಹುಭಾಗವನ್ನು ದೆಯಾದಲ್ಲಿ ಕಳೆದು 1985ರಲ್ಲಿ ಅಲ್ಲಿಯೇ ತೀರಿಕೊಂಡನು. ಆದರೆ ಈ ಎರಡು ಊರುಗಳ ನಡುವಣ ದಾರಿಯಲ್ಲಿ ನೆನೆಯಬೇಕಾದವನು ಇನ್ನೊಬ್ಬನಿದ್ದಾನೆ. ಅವನು ಆಸ್ಟ್ರಿಯದ ರಾಜವಂಶಕ್ಕೆ ಸೇರಿದ ಲುಡ್ವಿಗ್ ಸಾಲ್ವೇಟರ್. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅವನು ಇಲ್ಲಿಗೆ ಬಂದು, ಈ ತೀರಕ್ಕೆ ಮನಸೋತು, ಒಂದರ ಪಕ್ಕದಲ್ಲೊಂದು ಜಮೀನುಗಳನ್ನು ಕೊಂಡನು. ಕೊಂಡ ಮೇಲೆ ಅಲ್ಲಿಯ ಮರಗಳನ್ನು ಕಡಿಯಬಾರದೆಂದು ಕಟ್ಟಪ್ಪಣೆ ಮಾಡಿದನು. ಬೆಟ್ಟದ ಏಣಿನ ಮೇಲೆ ನಡೆಯಲು ದಾರಿ ಹಾಕಿಸಿದನು. ಸಮುದ್ರ ಚೆನ್ನಾಗಿ ಕಾಣುವೆಡೆಗಳಲ್ಲಿ ನಿಂತು ನೋಡಲು ಕಟ್ಟೆಗಳನ್ನು ಕಟ್ಟಿಸಿದನು. ದಾರಿಹೋಕರು ಮೂರು ದಿನ ಹಣ ಕೊಡದೆ ತಂಗುವಂತೆ ಒಂದು ಛತ್ರವನ್ನೂ ನಡೆಸಿದನು. ಈ ದ್ವೀಪಗಳ ಬಗೆಗೆ ಸಂಪುಟಗಳನ್ನೇ ಬರೆದ ಅವನು ದೊಡ್ಡ ವಿದ್ವಾಂಸನೂ ಆಗಿದ್ದನು. ಹಣವುಳ್ಳವರು ನೆಲವನ್ನು ಕೊಂಡು ಬೇಲಿ ಹಾಕುವುದು ಲೋಕರೂಢಿ. ಕೊಂಡು ದಾರಿ ಬಿಟ್ಟವರು ಅಪರೂಪ.

ದೆಯಾದಿಂದ ಇಳಿದರೆ ಸೋಯೆರ್ ಎಂಬ ಪಟ್ಟಣ. ಸುತ್ತಲೂ ಬೆಟ್ಟ, ನಡುವೆ ಬಟ್ಟಲಿನಂತಹ ಕಣಿವೆ, ಕಣಿವೆಯ ತುಂಬ ಕಿತ್ತಳೆಯ ತೋಟ. ಹಿಂದೆ ಪಾಲ್ಮಕ್ಕೆ ಹೋಗಲು ಈ ಊರಿನವರು ಘಾಟಿ ಹತ್ತಿ ಇಳಿಯಬೇಕಾಗಿತ್ತು. ಅದಕ್ಕಿಂತ ಹಡಗು ಹತ್ತಿ ಫ್ರಾನ್ಸ್ ದೇಶಕ್ಕೆ ಹೋಗುವುದೇ ಅವರಿಗೆ ಸಲೀಸಾಗಿತ್ತು. ಅವರ ಕಿತ್ತಳೆಯ ವ್ಯಾಪಾರವೂ ಆ ದೇಶದೊಡನೆಯೇ ಬೆಳೆಯಿತು. 1912ರಲ್ಲಿ ಬೆಟ್ಟವನ್ನು ಕೊರೆದು ರೈಲುದಾರಿ ಹಾಕಿದರು. 1997ರಲ್ಲಿ ಮೋಟಾರು ವಾಹನಗಳಿಗಾಗಿ ಸುಮಾರು ಮೂರು ಕಿಲೋಮೀಟರು ಉದ್ದದ ಸುರಂಗ ತೆರೆಯಿತು. ಅಂದಿನಿಂದ ಆತುರವಿದ್ದವರೆಲ್ಲ ಸುರಂಗದ ಪಾಲಾದರು. ಸರಕಿನ ಲಾರಿ, ಕೆಲಸಕ್ಕೆ ಹೋಗುವವರ ಕಾರು, ಬಸ್ಸು, ಎಲ್ಲವೂ ಬೆಟ್ಟದ ಹೊಟ್ಟೆಯೊಳಗೆ ನುಗ್ಗಿ ಕೆಲವೇ ನಿಮಿಷಗಳಲ್ಲಿ ಆಚೆಗೆ ಬರುತ್ತವೆ. ಸೈಕಲ್ಲಿಗೆ ಆ ಸುರಂಗದೊಳಗೆ ಪ್ರವೇಶವಿಲ್ಲ.

ಹಾಗಾದರೆ ಹಳೆಯ ಘಾಟಿ ಏನಾಯಿತು? ಅದು ಇದ್ದ ಹಾಗೆಯೇ ಇದೆ. ಸುಮಾರು 500 ಮೀಟರು ಎತ್ತರದ ನೆತ್ತಿಗೆ ತಿರುವಿನ ಮೇಲೆ ತಿರುವಾಗಿ ಏರಿ, ಅಷ್ಟೇ ತಿರುವುಗಳಿಂದ ಪಾಲ್ಮದ ಬಯಲಿಗೆ ಇಳಿಯುತ್ತದೆ. ಒಂದು ಕಾಲಕ್ಕೆ ಗಾಡಿಗಳ ಗದ್ದಲ, ಮೋಟಾರುಗಳ ಕೂಗು ತುಂಬಿದ್ದ ಆ ದಾರಿಯಲ್ಲಿ ಇಂದು ಬೆಳಗಿನ ಹೊತ್ತು ಕೇಳಿಬರುವುದು ಚೈನಿನ ಸಣ್ಣ ಸದ್ದು, ತನ್ನದೇ ಉಸಿರು, ಎಲ್ಲೋ ಕುರಿಯ ಕೊರಳಗಂಟೆ. ಸುರಂಗವನ್ನು ಕೊರೆದವರು ಈ ಮೌನಕ್ಕಾಗಿ ಕೊರೆಯಲಿಲ್ಲ. ಅವರು ಬಯಸಿದ್ದು ವೇಗವನ್ನು. ಆದರೆ ವೇಗಕ್ಕೆ ಬೇರೊಂದು ದಾರಿ ಸಿಕ್ಕಿದ್ದರಿಂದ ನಿಧಾನಕ್ಕೆ ಒಂದು ದಾರಿ ಉಳಿಯಿತು. ಸುರಂಗವನ್ನು ಹಳಿಯಬೇಕಾಗಿಲ್ಲ. ರೋಗಿಯನ್ನು ಆಸ್ಪತ್ರೆಗೆ ಒಯ್ಯುವವನಿಗೆ ಅದು ವರವೇ ಸರಿ. ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಒಂದೇ ದಾರಿ ಸಲ್ಲದು. ಎರಡೂ ಉಳಿದಿರುವ ಊರು ಪುಣ್ಯವಂತ ಊರು.

ಸೋಯೆರಿನಿಂದ ಮುಂದೆ ಪೂಚ್ ಮಜೋರಿನ ಏರು. ಸುಮಾರು 14 ಕಿಲೋಮೀಟರು ಬಿಡುವಿಲ್ಲದೆ ಏರುವ ಈ ದಾರಿಯೇ ತೀರದ ಏರುಗಳಲ್ಲೆಲ್ಲ ದೀರ್ಘವಾದುದು. ಆಲಿವ್ ಮರಗಳು ಮೊದಲು ಜೊತೆಗಿರುತ್ತವೆ. ನೂರಾರು ವರ್ಷ ಬಾಳಿದ ಆ ಮರಗಳ ಕಾಂಡಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿವೆ. ಅನಂತರ ಅವೂ ಹಿಂದುಳಿಯುತ್ತವೆ. ನಿತ್ಯಹಸುರಿನ ಓಕ್ ಮರಗಳು ಬರುತ್ತವೆ. ಕೊನೆಗೆ ಬರಿಯ ಬಂಡೆ. ಈ ಎತ್ತರದ ಕಾಡುಗಳಲ್ಲಿ ಇದ್ದಿಲು ಸುಡುವವರು ಸಂಸಾರಸಹಿತರಾಗಿ ವಾಸಿಸುತ್ತಿದ್ದರು. ಅವರು ಸೌದೆ ಪೇರಿಸಿ ಸುಡುತ್ತಿದ್ದ ದುಂಡನೆಯ ಕಟ್ಟೆಗಳು ಇಂದಿಗೂ ಕಾಡಿನಲ್ಲಿ ಕಾಣುತ್ತವೆ. ಇನ್ನೂ ಮೇಲೆ, ಶಿಖರಗಳ ಹತ್ತಿರ, ಹಿಮದ ಮನೆಗಳೆಂಬ ಆಳವಾದ ಗುಂಡಿಗಳಿವೆ. ಚಳಿಗಾಲದಲ್ಲಿ ಬಿದ್ದ ಹಿಮವನ್ನು ಬಾಚಿ, ಗುಂಡಿಯಲ್ಲಿ ತುಳಿದು ಗಟ್ಟಿಮಾಡಿ, ಮೇಲೆ ಸೊಪ್ಪುಸದೆ ಮುಚ್ಚಿ, ಬೇಸಿಗೆಯವರೆಗೆ ಕಾಪಾಡುತ್ತಿದ್ದರು. ಬೇಸಿಗೆ ಬಂದಾಗ ಅದು ಕರಗದಿರಲೆಂದು ರಾತ್ರಿಯ ಹೊತ್ತು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಪಾಲ್ಮಕ್ಕೆ ಸಾಗಿಸುತ್ತಿದ್ದರು. ಪಟ್ಟಣದಲ್ಲಿ ಯಾರೋ ಜ್ವರದವರ ಹಣೆಗೆ, ಯಾರೋ ಸಿರಿವಂತರ ಪಾನೀಯಕ್ಕೆ ಅದು ಒದಗುತ್ತಿತ್ತು. ಯಂತ್ರದಿಂದ ಮಂಜುಗಡ್ಡೆ ಮಾಡುವುದು ಬಂದ ಮೇಲೆ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಆ ಕಸುಬು ನಿಂತುಹೋಯಿತು. ಬರಿಗೈಯಲ್ಲಿ ಏರುವಾಗಲೇ ಬೆವರೊರೆಸಿಕೊಳ್ಳುವ ಸವಾರನು, ಹೊರೆ ಹೇರಿಕೊಂಡು ಕತ್ತಲೆಯಲ್ಲಿ ಇದೇ ಬೆಟ್ಟವನ್ನು ಇಳಿದವರನ್ನು ನೆನೆದರೆ, ತನ್ನ ದಣಿವನ್ನು ಕುರಿತು ಹೆಚ್ಚು ಮಾತನಾಡಲಾರನು.

ಈ ಏರಿನ ಆಚೆ, ಎರಡು ಜಲಾಶಯಗಳನ್ನು ದಾಟಿದ ಮೇಲೆ, ಎಡಕ್ಕೆ ಒಂದು ಕವಲುದಾರಿ ಸಿಗುತ್ತದೆ. ಅದು ಸ ಕಲೋಬ್ರ ಎಂಬ ಕಡಲತಡಿಯ ಪುಟ್ಟ ನೆಲೆಗೆ ಹೋಗುವ ದಾರಿ. ಅದನ್ನು ರೂಪಿಸಿದವನು ಅಂತೋನಿಯೋ ಪರಿಯೆತ್ತಿ ಎಂಬ ಎಂಜಿನಿಯರು, ಕಾಲ 1932. ಅವನ ಮುಂದಿದ್ದ ಸಮಸ್ಯೆ ಕಠಿಣವಾದುದು. 682 ಮೀಟರು ಎತ್ತರದ ಘಾಟಿಯ ನೆತ್ತಿಯಿಂದ ದಾರಿಯು ಸಮುದ್ರಕ್ಕೆ ಇಳಿಯಬೇಕು. ನಡುವೆ ಇರುವುದೋ ಒಡೆದು ಚೂರಾದ ಬಂಡೆಗಳ ರಾಶಿ. ನೇರವಾಗಿ ದಾರಿ ಹಾಕಿದರೆ ವಾಹನವಿರಲಿ, ಹೇಸರಗತ್ತೆಯೂ ಏರಲಾರದು. ಪರಿಯೆತ್ತಿ ಬೆಟ್ಟವನ್ನು ಕೊರೆಯಲಿಲ್ಲ. ಏರು ಎಲ್ಲಿಯೂ ಮಿತಿಮೀರದಂತೆ ದಾರಿಯನ್ನೇ ಉದ್ದಮಾಡಿದನು. ಸುಮಾರು ಒಂಬತ್ತೂವರೆ ಕಿಲೋಮೀಟರು ಉದ್ದಕ್ಕೆ, ಇಪ್ಪತ್ತಾರು ಹೇರ್‌ಪಿನ್ ತಿರುವುಗಳಲ್ಲಿ, ಹಗ್ಗವನ್ನು ಎಡಕ್ಕೂ ಬಲಕ್ಕೂ ಮಡಿಸಿ ಹಾಸಿದಂತೆ ಅದು ಇಳಿಯುತ್ತದೆ. ಸರಾಸರಿ ಏರು ಶೇಕಡಾ ಏಳು. ಒಂದೆಡೆಯಲ್ಲಂತೂ ತಿರುಗಲು ಸ್ಥಳವೇ ಸಾಲದೆ ಹೋದಾಗ, ದಾರಿಯು ಸುತ್ತು ಹಾಕಿ ತನ್ನದೇ ಸೇತುವೆಯ ಕೆಳಗೆ ನುಸುಳಿ ಹೋಗುವಂತೆ ಮಾಡಿದನು. ಕೊರಳಿಗೆ ಕಟ್ಟುವ ಟೈಯ ಗಂಟಿನಂತೆ ಕಾಣುವುದರಿಂದ ಜನ ಅದಕ್ಕೆ ಟೈಗಂಟು ಎಂದೇ ಹೆಸರಿಟ್ಟಿದ್ದಾರೆ.

ಈ ದಾರಿಯನ್ನು ಕಡಿದವರು ಕೂಲಿಕಾರರು. ದೊಡ್ಡ ಯಂತ್ರಗಳು ಒದಗದ ಆ ದಿನಗಳಲ್ಲಿ ಹಾರೆ, ಗುದ್ದಲಿ, ಸುತ್ತಿಗೆಗಳಿಂದ ಕೈಯಾರೆ ಕೆಲಸ ಮಾಡಿದರು. ಒಂದೆಡೆ ಕಡಿದ ಕಲ್ಲನ್ನೇ ಇನ್ನೊಂದೆಡೆ ತುಂಬಿ ದಾರಿಗೆ ಅಡಿಪಾಯ ಮಾಡಿದರು. ಎಂಜಿನಿಯರನ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಕಲ್ಲು ಹೊತ್ತವರ ಹೆಸರು ಉಳಿಯಲಿಲ್ಲ. ಅವರ ಕೆಲಸ ಮಾತ್ರ ಇಂದಿಗೂ ಸವಾರನ ಗಾಲಿಯ ಕೆಳಗಿದೆ.

ಸ ಕಲೋಬ್ರದ ದಾರಿಗೆ ಒಂದು ವಿಶೇಷವಿದೆ. ಉಳಿದ ಘಾಟಿಗಳಲ್ಲಿ ಮೊದಲು ಏರು, ಆಮೇಲೆ ಇಳಿತ. ಮೊದಲು ದುಡಿಮೆ, ಆಮೇಲೆ ಸುಖ. ಇಲ್ಲಿ ಅದು ತಿರುಗುಮುರುಗು. ಮೊದಲು ಇಳಿತ ದೊರೆಯುತ್ತದೆ. ಗಾಳಿಯನ್ನು ಸೀಳಿಕೊಂಡು, ಬ್ರೇಕನ್ನು ಹದವರಿತು ಹಿಡಿಯುತ್ತ, ತಿರುವಿನಿಂದ ತಿರುವಿಗೆ ಸವಾರನು ಹಕ್ಕಿಯಂತೆ ಇಳಿಯುತ್ತಾನೆ. ಅರ್ಧ ಗಂಟೆಯೊಳಗೆ ಸಮುದ್ರ. ಅಲ್ಲಿ ಎರಡು ಮಹಾ ಬಂಡೆಗೋಡೆಗಳ ನಡುವಿನಿಂದ ತೊರೆಯೊಂದು ಬಂದು ಕಡಲನ್ನು ಸೇರುವ ನೋಟ ಕಣ್ಣಿಗೆ ಹಬ್ಬ. ಆದರೆ ನೋಡಿದ್ದು ಸಾಕಾದ ಮೇಲೆ ತಲೆಯೆತ್ತಿದರೆ, ಬಂದ ದಾರಿಯೇ ಬೆಟ್ಟದ ಮೈಮೇಲೆ ಗೆರೆಗೆರೆಯಾಗಿ ನೇತಾಡುತ್ತಿರುತ್ತದೆ. ಹಿಂದಿರುಗಲು ಬೇರೆ ರಸ್ತೆಯಿಲ್ಲ. ಸುಖವನ್ನು ಸಾಲವಾಗಿ ತಂದವನು ಈಗ ತೀರಿಸಬೇಕು.

ಸವಾರನು ಚಿಕ್ಕ ಗೇರಿಗೆ ಬದಲಿಸಿಕೊಂಡು ತುಳಿಯತೊಡಗುತ್ತಾನೆ. ಒಂಬತ್ತೂವರೆ ಕಿಲೋಮೀಟರಿಗೆ ಹೆಚ್ಚುಕಡಿಮೆ ನಾಲ್ಕೂವರೆ ಸಾವಿರ ಸಲ ಪೆಡಲು ಸುತ್ತಬೇಕು. ಆ ಸಂಖ್ಯೆಯನ್ನು ನೆನೆದರೆ ಕಾಲು ಬರುವುದಿಲ್ಲ. ಅನುಭವಿಗಳು ನೆತ್ತಿಯನ್ನು ನೋಡುವುದಿಲ್ಲ. ಮುಂದಿನ ತಿರುವನ್ನು ಮಾತ್ರ ನೋಡುತ್ತಾರೆ. ತಿರುವಿಗೆ ಬಂದಾಗ ಬಂದದ್ದು ಕೆಳಗೆ ಕಾಣುತ್ತದೆ; ಅಷ್ಟರಮಟ್ಟಿಗೆ ಧೈರ್ಯ ಹುಟ್ಟುತ್ತದೆ. ಇಳಿಯುವಾಗ ಕಾಣದಿದ್ದ ವಸ್ತುಗಳು ಏರುವಾಗ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ: ಬಂಡೆಯ ಸಂದಿನಲ್ಲಿ ಬೇರೂರಿದ ಗಿಡ, ರಸ್ತೆಯಂಚಿನಲ್ಲಿ ನಿಂತು ನೋಡುವ ಕಾಡುಮೇಕೆ, ಮಳೆನೀರು ಕೊರೆದು ಚೂಪುಮಾಡಿದ ಸುಣ್ಣಕಲ್ಲಿನ ಏಣುಗಳು. ಸುಮಾರು ಒಂದು ಗಂಟೆಯ ಮೇಲೆ ಟೈಗಂಟಿನ ಸೇತುವೆ ತಲೆಯ ಮೇಲೆ ಬರುತ್ತದೆ. ಸುತ್ತಿ ಅದರ ಮೇಲೆಯೇ ಹಾದರೆ ನೆತ್ತಿ. ಇಳಿದವನು ಬೆಟ್ಟವನ್ನು ನೋಡಿದನು. ಏರಿದವನು ಅದನ್ನು ಅರಿತನು.

ಆದರೆ ಈ ಮೌನದ ದಾರಿಗಳಿಗೆ ಇಂದು ಒಂದು ಸಂಕಟ ಒದಗಿದೆ. ಚೆಲುವಾದ ಸ್ಥಳದ ಸುದ್ದಿ ಹರಡಲು ಹೊತ್ತು ಬೇಕಿಲ್ಲ. ಬೇಸಿಗೆಯ ನಡುಹಗಲಿನಲ್ಲಿ ಸ ಕಲೋಬ್ರದ ತಿರುವುಗಳಲ್ಲಿ ಪ್ರವಾಸಿಗರ ಬಸ್ಸುಗಳು ಒಂದಕ್ಕೊಂದು ದಾರಿ ಬಿಡಲಾರದೆ ನಿಲ್ಲುತ್ತವೆ. ಪರಿಯೆತ್ತಿಯೇ ರೂಪಿಸಿದ ಇನ್ನೊಂದು ದಾರಿ, ದ್ವೀಪದ ಈಶಾನ್ಯ ತುದಿಯಾದ ಫೊರ್ಮೆಂತೊರಿನ ದೀಪಸ್ತಂಭಕ್ಕೆ ಹೋಗುವಂಥದು, ಕಾರುಗಳಿಂದ ಎಷ್ಟು ಕಿಕ್ಕಿರಿಯಿತೆಂದರೆ, 2018ರಿಂದ ಬೇಸಿಗೆಯ ಹಗಲುಹೊತ್ತಿನಲ್ಲಿ ಖಾಸಗಿ ಕಾರುಗಳಿಗೆ ನಿರ್ಬಂಧ ಹಾಕಬೇಕಾಯಿತು. ಸೈಕಲ್ ಸವಾರನಾದರೂ ಈ ದೋಷದಿಂದ ಸಂಪೂರ್ಣ ಮುಕ್ತನಲ್ಲ. ಮೌನವನ್ನು ಅರಸಿ ಬಂದ ಪ್ರತಿಯೊಬ್ಬನೂ ಅದರಲ್ಲಿ ಒಂದು ಪಾಲನ್ನು ಕರಗಿಸುತ್ತಾನೆ. ಇಪ್ಪತ್ತು ಜನ ಗುಂಪಾಗಿ ಕೂಗಾಡುತ್ತ ಹಳ್ಳಿಯ ನಡುವೆ ನುಗ್ಗಿದರೆ, ಅಂಗಳದಲ್ಲಿ ಕುಳಿತ ಅಜ್ಜಿಗೆ ಮೋಟಾರಿಗೂ ಅವರಿಗೂ ವ್ಯತ್ಯಾಸ ಕಾಣುವುದಿಲ್ಲ.

ಆದ್ದರಿಂದ ಶಾಂತವಾದ ದಾರಿ ತಾನಾಗಿ ಉಳಿಯುವಂಥದಲ್ಲ, ಅದನ್ನು ಉಳಿಸಿಕೊಳ್ಳಬೇಕು. ಅದರಲ್ಲಿ ಸ್ವಲ್ಪ ಭಾಗ ಕಾಯಿದೆಯ ಕೆಲಸ. ಸೈಕಲ್ಲನ್ನು ಹಿಂದಿಕ್ಕುವ ವಾಹನವು ಕನಿಷ್ಠ ಒಂದೂವರೆ ಮೀಟರು ದೂರ ಬಿಟ್ಟು ಹಾದುಹೋಗಬೇಕೆಂದು ಸ್ಪೇನ್ ದೇಶದ ಕಾನೂನು ಹೇಳುತ್ತದೆ. ಅದರಿಂದಾಚೆಗಿನದು ನಡತೆಯ ಕೆಲಸ. ಒಳ್ಳೆಯ ಸವಾರನು ಮುಂಜಾವದಲ್ಲಿಯೇ ಹೊರಡುತ್ತಾನೆ. ಕಿರಿದಾದೆಡೆಯಲ್ಲಿ ಸಾಲಾಗಿ ಹೋಗುತ್ತಾನೆ. ತಿಂದ ಹಣ್ಣಿನ ಸಿಪ್ಪೆಯನ್ನೂ ಜೇಬಿನಲ್ಲಿಟ್ಟುಕೊಂಡು ಒಯ್ಯುತ್ತಾನೆ. ಕುರಿಮಂದೆ ಎದುರಾದರೆ ಇಳಿದು ನಿಲ್ಲುತ್ತಾನೆ. ಮಂದೆಯದು ಹೊಟ್ಟೆಪಾಡಿನ ದಾರಿ, ತನ್ನದು ವಿನೋದದ ದಾರಿ ಎಂಬ ತಿಳಿವಳಿಕೆ ಅವನಿಗಿರುತ್ತದೆ.

ಸಂಜೆಯ ಹೊತ್ತಿಗೆ ದಾರಿಯು ಯುಕ್ ಎಂಬ ಪುರಾತನ ಯಾತ್ರಾಸ್ಥಳದ ಹತ್ತಿರ ಓಕ್ ಮರಗಳ ನೆರಳನ್ನು ಹೊಗುತ್ತದೆ. ಹದಿಮೂರನೆಯ ಶತಮಾನದಿಂದಲೂ ಜನ ಕಾಲ್ನಡಿಗೆಯಲ್ಲಿ ಬರುತ್ತಿದ್ದ ಸ್ಥಳವದು. ಇಂತಹ ಕಾಡಿನಂಚಿನಲ್ಲಿ ಕೆಲವೊಮ್ಮೆ ಕುಸಿದ ಗೋಡೆಯೊಂದನ್ನು ಸರಿಪಡಿಸುತ್ತಿರುವ ಮರ್ಜೇರರು ಕಾಣಸಿಗುತ್ತಾರೆ. ಬೇಸಾಯ ಕುಗ್ಗಿದಂತೆ ಈ ಕಸುಬೂ ಅಳಿಯುವ ಸ್ಥಿತಿಗೆ ಬಂದಿತ್ತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಎಳೆಯರಿಗೆ ಅದನ್ನು ಮತ್ತೆ ಕಲಿಸತೊಡಗಿದರು. ಗಾರೆಯಿಲ್ಲದೆ ಕಲ್ಲು ಕಟ್ಟುವ ಈ ವಿದ್ಯೆಯನ್ನು 2018ರಲ್ಲಿ ಯುನೆಸ್ಕೊ ಸಂಸ್ಥೆಯು ಸ್ಪೇನ್ ಸೇರಿದಂತೆ ಯೂರೋಪಿನ ಎಂಟು ದೇಶಗಳ ಅಮೂರ್ತ ಪರಂಪರೆಯೆಂದು ಮಾನ್ಯಮಾಡಿತು. ಗೋಡೆ ಕಟ್ಟುವವನು ಒಂದು ಕಲ್ಲನ್ನು ಎತ್ತಿಕೊಳ್ಳುತ್ತಾನೆ, ತಿರುಗಿಸಿ ನೋಡುತ್ತಾನೆ, ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟು ಅದರ ಜಾಗದಲ್ಲಿ ಕೂರಿಸುತ್ತಾನೆ. ಅನಂತರ ಇನ್ನೊಂದು ಕಲ್ಲು. ಮಳೆ ಬಂದಾಗ ಈ ಗೋಡೆ ನಿಂತರೆ ಮೇಲಿನ ಮಣ್ಣು ನಿಲ್ಲುತ್ತದೆ, ಮರ ನಿಲ್ಲುತ್ತದೆ, ಕೆಳಗಿನ ದಾರಿಯೂ ನಿಲ್ಲುತ್ತದೆ.

ಸವಾರನು ಅವನಿಗೆ ತಲೆಬಾಗಿ ವಂದಿಸುತ್ತಾನೆ, ಅವನೂ ಕೈಯೆತ್ತುತ್ತಾನೆ. ಇಬ್ಬರ ಭಾಷೆ ಬೇರೆಯಾದ್ದರಿಂದ ಮಾತು ಬೆಳೆಯುವುದಿಲ್ಲ. ಸೈಕಲ್ಲು ತಿರುವಿನಲ್ಲಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ಸುತ್ತಿಗೆಯ ಸದ್ದು ಬೆಟ್ಟದಲ್ಲಿ ಕೇಳಿಬರುತ್ತದೆ.